ಕೊಲೆ ನೇಪಥ್ಯದಲ್ಲಿ, ಸಾಕ್ಷಿ ಕಿವಿಯಲ್ಲಿ

ಪತ್ತೇದಾರಿ ಕಾದಂಬರಿಯನ್ನು ಕೇಳಿದವರು ಅದನ್ನು ಓದಿದ್ದೇವೆಂದು ಹೇಳಿಕೊಳ್ಳಬಾರದು ಎನ್ನುವ ಕಟ್ಟುನಿಟ್ಟಿನ ಓದುಗರು ನಮ್ಮಲ್ಲಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಬರೆಯುವವರು ಸುಳಿವನ್ನು ಮೂರನೆಯ ಅಧ್ಯಾಯದ ಯಾವುದೋ ಮೂಲೆಯಲ್ಲಿ ಬಚ್ಚಿಟ್ಟಿರುತ್ತಾರೆ. ಹದಿನೆಂಟನೆಯ ಅಧ್ಯಾಯದಲ್ಲಿ ಅನುಮಾನ ಹುಟ್ಟಿದರೆ ಓದುಗ ಪುಟದ ನಡುವೆ ಬೆರಳಿಟ್ಟುಕೊಂಡು ಹಿಂದಕ್ಕೆ ತಿರುವಿ ನೋಡುತ್ತಾನೆ. ಕೇಳುವವನಿಗೆ ಆ ಸವಲತ್ತಿಲ್ಲ. ಅವನು ಸಾರಿಗೆ ಒಗ್ಗರಣೆ ಹಾಕುತ್ತಲೋ, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬಸ್ಸಿನ ಹಿಂದೆ ತೆವಳುತ್ತಲೋ ಇರುತ್ತಾನೆ. ಸಾಸಿವೆ ಸಿಡಿಯುವ ಹೊತ್ತಿಗೆ ಸರಿಯಾಗಿ ಸುಳಿವು ಬಂದು ಹೋಗಿರುತ್ತದೆ. ಇಷ್ಟನ್ನು ಒಪ್ಪಿಕೊಂಡೇ ನಾನು ತಕರಾರು ತೆಗೆಯುತ್ತಿದ್ದೇನೆ. ಪತ್ತೇದಾರಿ ಕಾದಂಬರಿಗಳಲ್ಲಿ ಒಂದು ಬಗೆಯದಕ್ಕೆ, ನಾಟಕಮಂದಿರದ ಒಳಗೇ ಕೊಲೆ ನಡೆಯುವ ಕಥೆಗೆ, ಈ ಮಾತು ಹೊಂದುವುದಿಲ್ಲ. ಅಂಥ ಕಥೆಯನ್ನು ಕೇಳಿದವರೇ ಸರಿಯಾಗಿ ಓದಿದವರು ಎಂದು ವಾದಿಸುವಷ್ಟು ಧೈರ್ಯ ನನಗಿದೆ.

ಕೇಳುವ ಪುಸ್ತಕಕ್ಕೂ ಪತ್ತೇದಾರಿಗೂ ಇರುವ ನಂಟು ಮೊಬೈಲಿನ ಕಾಲದ್ದಲ್ಲ. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡು ಬಂದ ಬ್ರಿಟಿಷ್ ಸೈನಿಕರಲ್ಲಿ ಅನೇಕರಿಗೆ ಬ್ರೈಲ್ ಕೈಹತ್ತಲಿಲ್ಲ. ಅವರಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಅಲ್ಲಿನ ಅಂಧರ ಸಂಸ್ಥೆ 1935ರ ನವೆಂಬರಿನಲ್ಲಿ 'ಮಾತಾಡುವ ಪುಸ್ತಕ'ಗಳನ್ನು ಮನೆಮನೆಗೆ ಕಳಿಸುವ ಏರ್ಪಾಡು ಶುರುಮಾಡಿತು. ಹನ್ನೆರಡು ಅಂಗುಲದ ಅರಗಿನ ತಟ್ಟೆ, ಮಾಮೂಲಿ ಗ್ರಾಮಾಫೋನಿಗಿಂತ ಬಹಳ ನಿಧಾನಕ್ಕೆ, ನಿಮಿಷಕ್ಕೆ 24 ಸುತ್ತಿನಂತೆ ತಿರುಗುತ್ತಿತ್ತು. ಒಂದು ಮಗ್ಗುಲಿಗೆ ಸುಮಾರು 25 ನಿಮಿಷದ ಓದು. ಒಂದು ಕಾದಂಬರಿಗೆ ಹತ್ತು ತಟ್ಟೆಗಳ ಭಾರ. ಹಾಗೆ ಮೊದಲು ಹೊರಬಂದ ಪುಸ್ತಕಗಳಲ್ಲಿ ಒಂದು ಜೋಸೆಫ್ ಕಾನ್ರಾಡನ 'ಟೈಫೂನ್', ಇನ್ನೊಂದು ಅಗಾಥಾ ಕ್ರಿಸ್ಟಿಯ 'ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್'. ಎರಡನೆಯದನ್ನು ಆರಿಸಿದವರು ನಗುತ್ತ ಆರಿಸಿದರೋ ಏನೋ. ಕಥೆ ಹೇಳುವವನ ದನಿಯನ್ನು ಎಷ್ಟು ನಂಬಬೇಕು ಎಂಬುದೇ ಆ ಕಾದಂಬರಿಯ ಹೂರಣ. ಸಾಲದ್ದಕ್ಕೆ ದನಿ ಮುದ್ರಿಸುವ ಯಂತ್ರವೊಂದಕ್ಕೆ ಅದರಲ್ಲಿ ಪಾತ್ರವೂ ಇದೆ. ಇದಕ್ಕಿಂತ ಹೆಚ್ಚು ಹೇಳಿದರೆ ಇನ್ನೂ ಓದದವರು ನನ್ನನ್ನು ಕ್ಷಮಿಸಲಾರರು.

ನಾಟಕಮಂದಿರದ ಕೊಲೆಗೆ ಬರೋಣ. ಆ ಲೋಕವನ್ನು ಒಳಗಿನಿಂದ ಬಲ್ಲ ಪತ್ತೇದಾರಿ ಲೇಖಕರಲ್ಲಿ ನನಗೆ ಎಲ್ಲರಿಗಿಂತ ಹೆಚ್ಚು ನಂಬಿಕೆ ನೈಯೊ ಮಾರ್ಷ್ ಮೇಲೆ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನಲ್ಲಿ 1895ರಲ್ಲಿ ಹುಟ್ಟಿದ ಈಕೆ ಕಲಿತದ್ದು ಚಿತ್ರಕಲೆ, ಮನಸ್ಸು ಕೊಟ್ಟದ್ದು ನಾಟಕಕ್ಕೆ, ಹೊಟ್ಟೆ ಹೊರೆದದ್ದು ಕೊಲೆಯ ಕಥೆಗಳಿಂದ. ಹರೆಯದಲ್ಲಿ ಅಲನ್ ವಿಲ್ಕಿಯ ಷೇಕ್ಸ್‌ಪಿಯರ್ ಕಂಪನಿಯ ಜೊತೆ ಊರೂರು ತಿರುಗಿ ನಟಿಸಿದಳು. 1943ರಲ್ಲಿ ಕ್ಯಾಂಟರ್ಬರಿಯ ಕಾಲೇಜು ವಿದ್ಯಾರ್ಥಿಗಳಿಗೆ 'ಹ್ಯಾಮ್ಲೆಟ್' ಆಡಿಸಿ, ಅಲ್ಲಿಂದ ಮುಂದೆ ದಶಕಗಟ್ಟಲೆ ಅವರ ನಿರ್ದೇಶಕಿಯಾಗಿ ಉಳಿದಳು. ನಡುವೆ 32 ಪತ್ತೇದಾರಿ ಕಾದಂಬರಿ ಬರೆದಳು. ಅವೆಲ್ಲದರ ನಾಯಕ ಪೊಲೀಸ್ ಅಧಿಕಾರಿ ರೋಡ್ರಿಕ್ ಆಲೆನ್. ಆ ಹೆಸರನ್ನು ಆಕೆ ಎತ್ತಿಕೊಂಡದ್ದು ಎಡ್ವರ್ಡ್ ಆಲೆನ್ ಎಂಬ ಎಲಿಜಬೆತ್ ಕಾಲದ ನಟನಿಂದ. ಮಾರ್ಲೋನ ಫಾಸ್ಟಸ್‌ನಿಗೆ ಜೀವ ತುಂಬಿದವನು, ಮಾರ್ಷ್‌ಳ ತಂದೆ ಓದಿದ ಡಲ್ವಿಚ್ ಶಾಲೆಯನ್ನು ಕಟ್ಟಿದವನು. ಕಳ್ಳರನ್ನು ಹಿಡಿಯುವವನಿಗೂ ನಟನ ಹೆಸರೇ ಬೇಕಾಯಿತು.

ಆಕೆಯ 'ಓಪನಿಂಗ್ ನೈಟ್' 1951ರದ್ದು. ಕೈಯಲ್ಲಿ ಕಾಸಿಲ್ಲದ ನ್ಯೂಜಿಲೆಂಡಿನ ತರುಣಿ ಮಾರ್ಟಿನ್ ಟಾರ್ನ್ ಲಂಡನ್ನಿನ ನಾಟಕಮಂದಿರಗಳಿಗೆ ಅಲೆದು ಅಲೆದು, ಕೊನೆಗೆ ವಲ್ಕನ್ ಎಂಬಲ್ಲಿ ಹೆಲೆನಾ ಹ್ಯಾಮಿಲ್ಟನ್ ಎಂಬ ದೊಡ್ಡ ನಟಿಗೆ ಉಡುಪು ತೊಡಿಸುವ ಕೆಲಸಕ್ಕೆ ಸೇರುತ್ತಾಳೆ. ಹೊಸ ನಾಟಕದ ಮೊದಲ ಪ್ರದರ್ಶನಕ್ಕೆ ಉಳಿದಿರುವುದು ಬೆರಳೆಣಿಕೆಯ ದಿನ. ನಾಟಕಕಾರ ಕೂಗಾಡುತ್ತಾನೆ, ಎಳೆಯ ನಟಿ ಅಳುತ್ತಾಳೆ, ಹೆಲೆನಾಳ ಗಂಡ ಕ್ಲಾರ್ಕ್ ಬೆನಿಂಗ್ಟನ್ ಕುಡಿಯುತ್ತಾನೆ. ಹಿಂದೆ ಅದೇ ಕಟ್ಟಡಕ್ಕೆ ಬೇರೆ ಹೆಸರಿದ್ದ ಕಾಲದಲ್ಲಿ, ಬಣ್ಣದ ಕೋಣೆಯ ಗ್ಯಾಸ್ ಒಲೆಯಿಂದ ಒಂದು ಕೊಲೆ ನಡೆದಿತ್ತು ಎಂಬ ಸುದ್ದಿಯನ್ನು ಎಲ್ಲರೂ ತಗ್ಗಿದ ದನಿಯಲ್ಲಿ ಆಡುತ್ತಿರುತ್ತಾರೆ. ಕೊನೆಗೆ ನಾಟಕ ಮುಗಿದು, ಕಲಾವಿದರು ಸಾಲಾಗಿ ನಿಂತು ಚಪ್ಪಾಳೆಗೆ ತಲೆಬಾಗುವಾಗ ಒಬ್ಬ ಕಾಣುತ್ತಿಲ್ಲ. ಇಷ್ಟಾಗುವಷ್ಟರಲ್ಲಿ ಪುಸ್ತಕ ಅರ್ಧ ದಾಟಿರುತ್ತದೆ. ಆಲೆನ್ ಬರುವುದೇ ಆಮೇಲೆ.

ಕಣ್ಣಿನಲ್ಲಿ ಓದುವವರು ಈ ಮೊದಲರ್ಧಕ್ಕೆ ಬೇಸರಪಟ್ಟುಕೊಳ್ಳುತ್ತಾರೆ. ಹೆಣ ಬೀಳುವುದಕ್ಕೆ ಇಷ್ಟು ತಡವೇ ಎಂದು ಪುಟಗಳನ್ನು ಹಾರಿಸುತ್ತಾರೆ. ಕಿವಿಯಲ್ಲಿ ಕೇಳುವವರಿಗೆ ಬೇರೆಯದೇ ಆಗುತ್ತದೆ, ಅದಕ್ಕೆ ಕಾರಣವೂ ಇದೆ. ರಂಗದ ಹಿಂದಿರುವವರು ನಾಟಕವನ್ನು ನೋಡುವುದಿಲ್ಲ, ಕೇಳುತ್ತಾರೆ. ಪ್ರೇಕ್ಷಕನಿಗೆ ಮಾತ್ರ ನಾಟಕ ಕಣ್ಣಿನ ವಸ್ತು. ಬಣ್ಣದ ಕೋಣೆಯಲ್ಲಿ ಕೂತ ನಟನಿಗೆ ಅದು ಗೋಡೆಯಾಚೆಯಿಂದ ತೇಲಿ ಬರುವ ಸದ್ದು. ಈ ಸಂಜೆ ಮೂರನೆಯ ಸಾಲಿನ ತಮಾಷೆಗೆ ಜನ ನಕ್ಕರೇ, ನಾಯಕಿ ಎಂದಿಗಿಂತ ವೇಗವಾಗಿ ಮಾತಾಡುತ್ತಿದ್ದಾಳೆಯೇ, ತಾನು ಮೆಟ್ಟಿಲಿಳಿಯಲು ಇನ್ನೆಷ್ಟು ಹೊತ್ತಿದೆ ಎಂಬುದೆಲ್ಲ ಅವನಿಗೆ ಗೊತ್ತಾಗುವುದು ಕಿವಿಯಿಂದ. ಲಂಡನ್ನಿನ ರಂಗಮಂದಿರಗಳಲ್ಲಿ ಪರದೆ ಏಳುವುದಕ್ಕೆ 35 ನಿಮಿಷ ಮೊದಲು 'ಅರ್ಧ ಗಂಟೆ' ಎಂದು ಕೂಗುತ್ತಾರೆ. ಹೊರಗಿನವರಿಗೆ ಇದು ಲೆಕ್ಕ ತಪ್ಪಿದಂತೆ ಕಾಣುತ್ತದೆ. ಮೊದಲ ದೃಶ್ಯದವರು ಐದು ನಿಮಿಷ ಮುಂಚೆಯೇ ಜಾಗದಲ್ಲಿರಬೇಕು. ಆ ಐದು ನಿಮಿಷವನ್ನು ಕೂಗಿಗೆ ಸೇರಿಸಿರುತ್ತಾರೆ. ಆಮೇಲೆ ಕಾಲು ಗಂಟೆಯ ಕೂಗು, ಐದು ನಿಮಿಷದ ಕೂಗು, ಕೊನೆಗೆ ಆರಂಭದವರು ಬನ್ನಿ ಎಂಬ ಕೂಗು. ಒಳಗೆ ಗಡಿಯಾರಕ್ಕಿಂತ ಈ ಕೂಗಿಗೇ ಬೆಲೆ.

ಪತ್ತೇದಾರನಿಗೆ ಇದರಿಂದ ಏನಾಗುತ್ತದೆ ಎಂಬುದು ಮುಖ್ಯ. ಹಳ್ಳಿಮನೆಯ ಕೊಲೆಯಲ್ಲಿ ಅವನು ಕೇಳುವ ಪ್ರಶ್ನೆ, ಎಂಟೂ ಹತ್ತಕ್ಕೆ ನೀವೆಲ್ಲಿದ್ದಿರಿ? ನಾಟಕಮಂದಿರದಲ್ಲಿ ಯಾರೂ ಎಂಟೂ ಹತ್ತರಲ್ಲಿ ಇರುವುದಿಲ್ಲ. ಎರಡನೆಯ ಅಂಕದ ಜಗಳ ನಡೆಯುತ್ತಿದ್ದಾಗ, ಹೆಲೆನಾಳ ಪ್ರವೇಶಕ್ಕೆ ಚಪ್ಪಾಳೆ ಬಿದ್ದಾಗ, ಪ್ರಾಂಪ್ಟರ್ ಒಂದು ಮಾತನ್ನು ಎತ್ತಿಕೊಟ್ಟಾಗ ಎಂದು ಉತ್ತರ ಹೇಳುತ್ತಾರೆ. ಒಬ್ಬೊಬ್ಬರೂ ತಾವು ನಿರಪರಾಧಿಗಳೆಂದು ತೋರಿಸಲು ಮುಂದಿಡುವ ಪುರಾವೆ ಒಂದು ಕೇಳಿದ ಸದ್ದು. ಕಾದಂಬರಿಯ ಪಾತ್ರಗಳೇ ಕೇಳುಗರಾಗಿರುವಾಗ, ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತವನು ಅವರ ಸಾಲಿನಲ್ಲಿ ಇನ್ನೊಬ್ಬ. ಪುಟ ನೋಡುವವನಾದರೋ ಪ್ರೇಕ್ಷಾಂಗಣದಲ್ಲಿ ದುಬಾರಿ ಟಿಕೆಟಿನ ಸೀಟಿನಲ್ಲಿದ್ದಾನೆ; ಕೊಲೆ ನಡೆದ ಕಡೆಗೆ ಅವನಿಗೆ ಪ್ರವೇಶವಿಲ್ಲ.

ಇದು ಮಾರ್ಷ್‌ಳ ಚಮತ್ಕಾರ ಮಾತ್ರ ಎಂದುಕೊಳ್ಳಬೇಕಾಗಿಲ್ಲ. ರಂಗಭೂಮಿ ಹಿಂದಿನಿಂದಲೂ ಕೊಲೆಯನ್ನು ಕಿವಿಗೇ ಒಪ್ಪಿಸಿಕೊಂಡು ಬಂದಿದೆ. ಗ್ರೀಕರ ಅಗಮೆಮ್ನಾನ್ ಅರಮನೆಯ ಒಳಗೆ ಸಾಯುತ್ತಾನೆ, ಹೊರಗೆ ನಿಂತ ಮೇಳಕ್ಕೂ ನಮಗೂ ಕೇಳಿಸುವುದು ಅವನ ಚೀತ್ಕಾರ. ಮ್ಯಾಕ್‌ಬೆತ್ ಡಂಕನ್ನನನ್ನು ಕೊಲ್ಲುವುದನ್ನು ಯಾವ ಪ್ರೇಕ್ಷಕನೂ ಕಂಡಿಲ್ಲ. ಗಂಟೆ ಬಾರಿಸುತ್ತದೆ, ಗೂಬೆ ಕೂಗುತ್ತದೆ, ಆಮೇಲೆ ಹೆಬ್ಬಾಗಿಲನ್ನು ಯಾರೋ ಬಡಿಯುತ್ತಾರೆ. ಆ ಬಾಗಿಲ ಬಡಿತ ತನ್ನನ್ನು ಯಾಕೆ ಅಷ್ಟು ಕಾಡುತ್ತದೆ ಎಂದು ಯೋಚಿಸಿಯೇ ಡಿ ಕ್ವಿನ್ಸಿ 1823ರಲ್ಲಿ ತನ್ನ ಹೆಸರಾಂತ ಪ್ರಬಂಧ ಬರೆದ. ಭರತನ ನಾಟ್ಯಶಾಸ್ತ್ರವಂತೂ ಯುದ್ಧ, ರಾಜ್ಯಭ್ರಂಶ, ಮರಣಗಳನ್ನು ಅಂಕದಲ್ಲಿ ಕಣ್ಣೆದುರು ತೋರಿಸಬೇಡಿ, ಬೇರೆ ದಾರಿಯಿಂದ ಸೂಚಿಸಿ ಎಂದು ವಿಧಿಸಿತು. ಸಂಸ್ಕೃತ ನಾಟಕಶಾಸ್ತ್ರ ಗುರುತಿಸಿದ ಅಂಥ ದಾರಿಗಳಲ್ಲಿ ಒಂದು ಚೂಲಿಕೆ: ಪರದೆಯ ಹಿಂದಿನಿಂದ ಬರುವ ಮಾತು. 'ನೇಪಥ್ಯದಲ್ಲಿ' ಎಂದು ಕಂಸದೊಳಗೆ ಅಚ್ಚಾದದ್ದನ್ನು ಶಾಲೆಯ ಪಠ್ಯದಲ್ಲಿ ನಾವೆಲ್ಲ ಓದಿದವರೇ. ತೊಡೆ ಮುರಿದ ದುರ್ಯೋಧನನನ್ನು ರಂಗದ ಮೇಲೆಯೇ ಸಾಯಿಸಿದ ಭಾಸನನ್ನು ವಿದ್ವಾಂಸರು ಇಂದಿಗೂ ಬೆರಳು ಮಾಡಿ ತೋರಿಸುತ್ತಾರೆ, ಅಷ್ಟು ಅಪರೂಪ ಅದು.

ಕಣ್ಣೆದುರೇ ಕೊಲೆ ನಡೆದರೂ ಕಣ್ಣು ಎಷ್ಟು ನಿಷ್ಪ್ರಯೋಜಕ ಎಂಬುದನ್ನು ಮಾರ್ಷ್ ತನ್ನ ಎರಡನೆಯ ಕಾದಂಬರಿ 'ಎಂಟರ್ ಎ ಮರ್ಡರರ್'ನಲ್ಲಿ (1935) ತೋರಿಸಿದ್ದಾಳೆ. ಯೂನಿಕಾರ್ನ್ ಎಂಬ ರಂಗಮಂದಿರದಲ್ಲಿ ನಾಟಕ. ಫೀಲಿಕ್ಸ್ ಗಾರ್ಡನರ್ ಎಂಬ ನಟ ಆರ್ಥರ್ ಸರ್ಬನೇಡಿಯರ್ ಎಂಬ ನಟನಿಗೆ ಪಿಸ್ತೂಲು ಹಿಡಿದು ಗುಂಡು ಹಾರಿಸಬೇಕು; ದಿನವೂ ಹಾರಿಸುತ್ತಾನೆ. ಒಂದು ರಾತ್ರಿ ಸುಳ್ಳು ಗುಂಡಿನ ಜಾಗದಲ್ಲಿ ನಿಜವಾದದ್ದು ಇರುತ್ತದೆ. ತುಂಬಿದ ಸಭೆ ಕೊಲೆಯನ್ನು ನೋಡುತ್ತದೆ. ಆಲೆನ್ ಕೂಡ ಅಲ್ಲೇ ಸೀಟಿನಲ್ಲಿ ಕೂತು ನೋಡುತ್ತಾನೆ. ಇಷ್ಟು ಸಾಕ್ಷಿಗಳಿದ್ದೂ ಯಾರಿಗೂ ಏನೂ ಗೊತ್ತಿಲ್ಲ. ಆ ದೃಶ್ಯ ಶುರುವಾಗುವಾಗ ರಂಗ ಕೆಲವು ನಿಮಿಷ ಕತ್ತಲಲ್ಲಿರುತ್ತದೆ. ಕಥೆಯ ಗಂಟು ಇರುವುದು ಅಲ್ಲಿ: ಕತ್ತಲಲ್ಲಿ ಯಾರು ಎಲ್ಲಿ ಓಡಾಡಿದರು? ಅಚ್ಚಿನ ಪುಟದ ಮೇಲೆ ಕತ್ತಲೆಯನ್ನು ಓದುವುದಕ್ಕೂ ದೀಪ ಬೇಕು. ರಾತ್ರಿ ದೀಪವಾರಿಸಿ ಹಾಸಿಗೆಯಲ್ಲಿ ಕೇಳುತ್ತಿರುವವನಿಗೆ ಆ ಗೋಜಿಲ್ಲ.

ಈಗ ಕಟ್ಟುನಿಟ್ಟಿನವರ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ. ಪತ್ತೇದಾರಿ ಕಾದಂಬರಿ ಓದುಗನಿಗೂ ಲೇಖಕನಿಗೂ ನಡುವಿನ ಒಪ್ಪಂದ. ಸುಳಿವುಗಳನ್ನೆಲ್ಲ ಎದುರಿಗಿಡಬೇಕು, ಮೋಸ ಮಾಡಬಾರದು. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ ಇದಕ್ಕೆ ಹತ್ತು ಕಟ್ಟಳೆಗಳನ್ನೇ ಬರೆದಿಟ್ಟ. ಹಿಂದಕ್ಕೆ ತಿರುವಿ ನೋಡಲಾಗದ ಕೇಳುಗನೊಡನೆ ಈ ಒಪ್ಪಂದ ನಡೆಯುವುದಾದರೂ ಹೇಗೆ? ನಡೆಯುತ್ತದೆ ಎಂಬುದಕ್ಕೆ ಅಮೆರಿಕದ ಆಕಾಶವಾಣಿಯೇ ಸಾಕ್ಷಿ. ಓದುಗರಿಗೆ ಸವಾಲು ಹಾಕಿ, ಇಲ್ಲಿಗೆ ನಿಲ್ಲಿಸಿ, ಈಗ ನೀವೇ ಕೊಲೆಗಾರನನ್ನು ಹೆಸರಿಸಿ ಎನ್ನುವ ಚಾಳಿ ಹಚ್ಚಿಸಿದವರು ಎಲರಿ ಕ್ವೀನ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಇಬ್ಬರು ಸೋದರಸಂಬಂಧಿಗಳು, ಫ್ರೆಡರಿಕ್ ಡನೇ ಮತ್ತು ಮ್ಯಾನ್‌ಫ್ರೆಡ್ ಲೀ. ಅವರೇ 1939ರಲ್ಲಿ ಸಿಬಿಎಸ್ ರೇಡಿಯೊಗೆ ತಮ್ಮ ಪತ್ತೇದಾರನನ್ನು ಕರೆತಂದಾಗ ಆ ಸವಾಲನ್ನೂ ಜೊತೆಗೆ ತಂದರು. ಉತ್ತರಕ್ಕೆ ಸ್ವಲ್ಪ ಮುಂಚೆ ನಾಟಕವನ್ನು ನಿಲ್ಲಿಸಿ, ಸ್ಟುಡಿಯೊದಲ್ಲಿದ್ದ ಅತಿಥಿಗಳಿಗೆ ಯಾರು, ಹೇಗೆ, ಯಾಕೆ ಎಂದು ಕೇಳುತ್ತಿದ್ದರು. ಹಿಂದಕ್ಕೆ ತಿರುವಲು ಆ ಅತಿಥಿಗಳ ಬಳಿ ಏನೂ ಇರಲಿಲ್ಲ, ನೆನಪೊಂದನ್ನು ಬಿಟ್ಟು. ಪುಸ್ತಕದ ಒಪ್ಪಂದವನ್ನು ಕಟ್ಟಿದವರಿಗೇ ಕಿವಿಯ ಮೇಲೆ ಅಪನಂಬಿಕೆ ಇರಲಿಲ್ಲವಾದರೆ ನಮಗೇಕೆ?

ಇನ್ನೂ ಒಂದು ಮಾತಿದೆ. ಸಾಕ್ಷಿಗೂ ಪುಟ ತಿರುವಲು ಬರುವುದಿಲ್ಲ. ನ್ಯಾಯಾಲಯದಲ್ಲಿ ನಿಂತವನು ಒಮ್ಮೆ ಕಂಡದ್ದನ್ನು, ಕೇಳಿದ್ದನ್ನು ನೆನಪಿನಿಂದ ಹೇಳಬೇಕು. ನೆನಪು ಎಲ್ಲಿ ಸವೆದಿದೆಯೋ ಅಲ್ಲಿ ವಕೀಲ ಕೈಹಾಕುತ್ತಾನೆ. ಓದುಗನ ಬೆರಳು ಅವನನ್ನು ಸಾಕ್ಷಿಗಿಂತ ಮೇಲಿಟ್ಟು ಗುಮಾಸ್ತನನ್ನಾಗಿ ಮಾಡುತ್ತದೆ, ಕಡತ ತೆಗೆದು ನೋಡುವವನನ್ನಾಗಿ. ಹೀಗೆಂದು ಗುಮಾಸ್ತಿಕೆಯನ್ನು ನಾನು ಹಳಿಯುತ್ತಿಲ್ಲ, ಅದರ ಸುಖ ಬೇರೆ. ಆದರೆ ಮಾರ್ಷ್ ತನ್ನ ಕೇಳುಗರ ಮರೆವಿಗೆ ಮದ್ದನ್ನೂ ಕೊಟ್ಟಿದ್ದಾಳೆ. ನಿರ್ದೇಶಕಿಯಲ್ಲವೇ, ಆಕೆಯ ಆಲೆನ್ನನಿಗೆ ನಡೆದದ್ದನ್ನು ಮತ್ತೊಮ್ಮೆ ಆಡಿಸಿ ನೋಡುವ ಹುಚ್ಚು. ನೀವು ಇಲ್ಲಿ ನಿಲ್ಲಿ, ನೀವು ಆ ಬಾಗಿಲಿಂದ ಬನ್ನಿ, ಆಗ ಏನು ಹೇಳಿದಿರೋ ಅದನ್ನೇ ಹೇಳಿ ಎಂದು ಆರೋಪಿಗಳಿಗೆಲ್ಲ ತಾಲೀಮು ಕೊಡಿಸುತ್ತಾನೆ. ಪುಟವನ್ನು ಹಿಂದಕ್ಕೆ ತಿರುವುವ ಕೆಲಸ ಕಥೆಯ ಒಳಗೇ, ದನಿಯೆತ್ತಿ ನಡೆದುಹೋಗುತ್ತದೆ.

ಹಾರಿಸಿ ಓದುವವರ ವಿಷಯ ಮೇಲೆ ಬಂತಲ್ಲ. ಅವರಲ್ಲಿ ಎಲ್ಲರಿಗಿಂತ ಹೆಸರುವಾಸಿ ಎಡ್ಮಂಡ್ ವಿಲ್ಸನ್. ದೊಡ್ಡ ವಿಮರ್ಶಕ, ಸಂಶಯವಿಲ್ಲ. 1945ರ ಜನವರಿಯಲ್ಲಿ 'ದಿ ನ್ಯೂಯಾರ್ಕರ್' ಪತ್ರಿಕೆಯಲ್ಲಿ ಇಡೀ ಪತ್ತೇದಾರಿ ಪ್ರಕಾರವನ್ನು ಝಾಡಿಸಿ ಬರೆದ. ಓದುಗರ ಒತ್ತಾಯಕ್ಕೆ ಆತ ಕೈಗೆತ್ತಿಕೊಂಡ ಪುಸ್ತಕಗಳಲ್ಲಿ ಮಾರ್ಷ್‌ಳ 'ಓವರ್ಚರ್ ಟು ಡೆತ್' ಒಂದು. ಅದರ ಗದ್ಯ ಅವನ ಗಂಟಲಲ್ಲಿ ಇಳಿಯಲಿಲ್ಲ. ಡೊರೊಥಿ ಸೇಯರ್ಸ್‌ಳ ಕಾದಂಬರಿಯಲ್ಲಂತೂ ಚರ್ಚಿನ ಗಂಟೆ ಬಾರಿಸುವ ವಿವರಗಳನ್ನೂ ಹಳ್ಳಿಗರ ಮಾತುಕತೆಗಳನ್ನೂ ಹಾರಿಸಿಬಿಟ್ಟೆ ಎಂದು ತಾನೇ ಹೇಳಿಕೊಂಡಿದ್ದಾನೆ. ಗಂಟೆಯ ಸದ್ದೇ ಕಥೆಯ ಜೀವಾಳವಾದ ಪುಸ್ತಕದಲ್ಲಿ ಗಂಟೆಯನ್ನೂ, ಮಾತೇ ಸುಳಿವಾದ ಪ್ರಕಾರದಲ್ಲಿ ಮಾತನ್ನೂ ಹಾರಿಸಿದ ಮೇಲೆ ಉಳಿಯುವುದೇನು? 'ಓವರ್ಚರ್ ಟು ಡೆತ್' ಕೂಡ ಹವ್ಯಾಸಿ ನಾಟಕವೊಂದರ ಸುತ್ತ ಹೆಣೆದದ್ದು. ಪ್ರದರ್ಶನ ಶುರುವಾಗುವ ಮೊದಲು ಊರ ಸಭಾಂಗಣದಲ್ಲಿ ಪಿಯಾನೊ ನುಡಿಸಲು ಕೂತ ಹೆಂಗಸು ದನಿ ತಗ್ಗಿಸುವ ಪೆಡಲ್ಲನ್ನು ಒತ್ತಿದ ಕೂಡಲೇ ಒಳಗಿಟ್ಟ ಪಿಸ್ತೂಲಿನಿಂದ ಗುಂಡು ಹಾರುತ್ತದೆ. ಪತ್ತೇದಾರಿ ಸಾಹಿತ್ಯದಲ್ಲಿ ಇದಕ್ಕಿಂತ ಕಿವಿಗೆ ಸೇರಿದ ಸಾವು ನನಗೆ ಗೊತ್ತಿಲ್ಲ. ವಿಲ್ಸನ್ನನಿಗೆ ಯಾರಾದರೂ ಇದನ್ನು ಗಟ್ಟಿಯಾಗಿ ಓದಿ ಹೇಳಿದ್ದರೆ ಅವನ ತೀರ್ಪು ಬದಲಾಗುತ್ತಿತ್ತು ಎಂದು ನಾನು ಹೇಳಲಾರೆ. ಹಾರಿಸುವ ಅವಕಾಶವಂತೂ ತಪ್ಪುತ್ತಿತ್ತು.

ಮಾರ್ಷ್ ಮೇಲಿನ ಹಳೆಯ ದೂರು, ಕೊಲೆಯಾದ ಮೇಲೆ ಆಲೆನ್ ಒಬ್ಬೊಬ್ಬರನ್ನೇ ಕರೆದು ಪ್ರಶ್ನಿಸುವ ಅಧ್ಯಾಯಗಳು ಸಾಲುಸಾಲಾಗಿ ಬಂದು ಕಥೆ ಕುಂಟುತ್ತದೆ ಎಂಬುದು. ಅಚ್ಚಿನಲ್ಲಿ ಈ ದೂರು ನಿಜ. ಕೇಳುವಾಗ ಮಾತ್ರ ಇವೇ ಅಧ್ಯಾಯಗಳಿಗಾಗಿ ನಾನು ಕಾಯುತ್ತೇನೆ. ಕುರ್ಚಿಯಲ್ಲಿ ಬಂದು ಕೂರುವವರು ನಟ ನಟಿಯರು. ದುಃಖ, ಆಘಾತ, ನಿಷ್ಕಪಟತೆ ಎಲ್ಲವನ್ನೂ ಸಂಬಳಕ್ಕೆ ಅಭಿನಯಿಸಿ ಪಳಗಿದವರು. ಪೊಲೀಸಿನವನ ಎದುರು ಅತ್ತಾಗ ಅದರಲ್ಲಿ ಕಸುಬೆಷ್ಟು, ಕಣ್ಣೀರೆಷ್ಟು? ಅವಳ ದನಿ ನಡುಗಿತು ಎಂದು ಲೇಖಕಿ ಬರೆದುಬಿಟ್ಟರೆ ಓದುಗ ಒಪ್ಪಿ ಮುಂದೆ ಹೋಗುತ್ತಾನೆ. ಓದಿ ಹೇಳುವವನು ಆ ನಡುಕವನ್ನು ಕೇಳಿಸಬೇಕು, ಕೇಳಿದವನು ಅದನ್ನು ತೂಗಬೇಕು.

ಇಲ್ಲಿ ಓದುವವನ ಪಾಡು ದೊಡ್ಡದು. ಅವನಿಗೆ ಕೊಲೆಗಾರ ಯಾರೆಂದು ಗೊತ್ತು. ಗೊತ್ತಿದ್ದೂ ಗೊತ್ತಿಲ್ಲದವನ ದನಿಯಲ್ಲಿ ಹತ್ತು ಗಂಟೆ ಓದಬೇಕು. ಕೊಲೆಗಾರನ ಮಾತಿಗೆ ಸ್ವಲ್ಪ ಹೆಚ್ಚು ಸಿಹಿ ಬೆರೆಸಿದರೂ, ಸ್ವಲ್ಪ ಹೆಚ್ಚು ತಡೆದು ಆಡಿಸಿದರೂ ಲೇಖಕಿ ಬಚ್ಚಿಟ್ಟದ್ದು ಬಯಲಾಗುತ್ತದೆ. ತಪ್ಪು ದಾರಿಗೆಳೆಯಲು ನಿರಪರಾಧಿಯ ಮಾತಿಗೆ ಕೇಡಿನ ಬಣ್ಣ ಬಳಿದರೆ ಅದು ಅವನು ಸ್ವಂತಕ್ಕೆ ಮಾಡುವ ಮೋಸ, ಒಪ್ಪಂದದಲ್ಲಿ ಇಲ್ಲದ್ದು. ನನಗೆ ಒಪ್ಪುವ ದಾರಿ ಇದು: ಪ್ರತಿ ಮಾತನ್ನೂ ಆ ಕೋಣೆಯಲ್ಲಿದ್ದ ಉಳಿದವರಿಗೆ ಅದು ಹೇಗೆ ಕೇಳಿಸಿರಬಹುದೋ ಹಾಗೆ ಓದಬೇಕು, ಆಡಿದವನ ಹೊಟ್ಟೆಯಲ್ಲಿದ್ದುದನ್ನಲ್ಲ. ಒಳ್ಳೆಯ ಓದುಗಾರರು ಇದನ್ನು ಸಾಧಿಸುತ್ತಾರೆ. ಈಗೀಗ ಬರುತ್ತಿರುವ, ಪಾತ್ರಕ್ಕೊಬ್ಬ ನಟನನ್ನು ಇಟ್ಟು ಹಿನ್ನೆಲೆಗೆ ಪಿಟೀಲು ಬಾರಿಸುವ ಅದ್ದೂರಿ ಆವೃತ್ತಿಗಳಲ್ಲಿ ಇದು ಕೈಗೂಡುವುದು ಕಷ್ಟ. ಹೆಸರುವಾಸಿ ನಟನ ದನಿ ಕೇಳಿದ ಕೂಡಲೇ ಇವನನ್ನು ಸುಮ್ಮನೆ ಕರೆಸಿರಲಾರರು ಎಂದು ಕಿವಿ ಅನುಮಾನ ಪಡುತ್ತದೆ. ಸಿನಿಮಾದಲ್ಲಿ ಕೊಲೆಗಾರನನ್ನು ಸಂಭಾವನೆಯಿಂದ ಪತ್ತೆ ಮಾಡುವ ಜಾಣರು ಎಲ್ಲ ಊರಲ್ಲೂ ಇರುತ್ತಾರೆ.

ಒಬ್ಬನೇ ಕೂತು ಎಲ್ಲ ಪಾತ್ರಗಳನ್ನೂ ಹೇಳಿದರೆ ನಾಟಕ ಕಟ್ಟಿಕೊಳ್ಳುವುದು ಹೇಗೆ ಎಂದು ಕೇಳುವವರಿಗೆ ಕರಾವಳಿಯಲ್ಲಿ, ಮಲೆನಾಡಿನಲ್ಲಿ ತಾಳಮದ್ದಳೆ ಕೇಳಿ ಬೆಳೆದವರು ಉತ್ತರ ಕೊಡಬಲ್ಲರು. ಅಲ್ಲಿ ಪಾತ್ರಕ್ಕೊಬ್ಬ ಅರ್ಥಧಾರಿ ಇರುತ್ತಾನೆ, ಆ ಮಾತು ಸರಿ. ಆದರೆ ವೇಷವಿಲ್ಲ, ಬಣ್ಣವಿಲ್ಲ, ಎದ್ದು ಕುಣಿಯುವುದಿಲ್ಲ. ಪಂಚೆ ಉಟ್ಟು ಶಾಲು ಹೊದ್ದ ಹಿರಿಯರು ತಾರೆಯಾಗುತ್ತಾರೆ, ದ್ರೌಪದಿಯಾಗುತ್ತಾರೆ. ದನಿಯನ್ನು ತೆಳುವಾಗಿಸಿ ಹೆಣ್ಣಿನಂತೆ ಮಾತಾಡಲಿ ಎಂದು ಯಾರೂ ಬಯಸುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ರಾಮನನ್ನು ಪ್ರಶ್ನಿಸುವಾಗ ಕೇಳುಗನ ಕಿವಿ ಹುಡುಕುತ್ತಿದ್ದದ್ದು ವಾದದ ಎಳೆಯನ್ನು, ಈ ಮಾತಿಗೆ ಎದು‌ರಾಳಿ ಎಲ್ಲಿ ಸಿಕ್ಕಿಬೀಳುತ್ತಾನೆ ಎಂಬುದನ್ನು. ಪತ್ತೇದಾರನ ವಿಚಾರಣೆಗೆ ಬೇಕಾದ ಕಿವಿಯೂ ಇಂಥದ್ದೇ. ಹಾಗಾಗಿ ಗಂಡು ಓದುಗಾರ ಹೆಲೆನಾಳ ಮಾತಿಗೆ ಕೀರಲು ದನಿ ತೆಗೆದಾಗಲೆಲ್ಲ ನನಗೆ ಬೇಡವೆನಿಸುತ್ತದೆ. ಮಾತಿನ ನಡಿಗೆ ಬದಲಾದರೆ ಸಾಕು.

ಕೇಳುವುದರಿಂದ ಮಾರ್ಷ್‌ಳಿಗೆ ಆಗುವ ನಷ್ಟವನ್ನೂ ಹೇಳಬೇಕು. ಆಕೆಯ ಲೋಕದಲ್ಲಿ ಉಚ್ಚಾರವೇ ಜಾತಿ. ಆಲೆನ್ ಶ್ರೀಮಂತ ಮನೆತನದವನು, ಅಣ್ಣ ಬಿರುದಾಂಕಿತ, ತಾಯಿ ಲೇಡಿ ಆಲೆನ್. ರಂಗಮಂದಿರದ ಬಾಗಿಲು ಕಾಯುವವರು, ಉಡುಪು ತೊಡಿಸುವವರು, ರಂಗಸಜ್ಜಿಕೆ ಸಾಗಿಸುವವರು ಲಂಡನ್ನಿನ ಕೂಲಿ ಕೇರಿಗಳ ಇಂಗ್ಲಿಷ್ ಆಡುತ್ತಾರೆ. ಅವರ ಮಾತನ್ನು ಮಾರ್ಷ್ ಅಕ್ಷರ ನುಂಗಿ, ಕಾಗುಣಿತ ಕೆಡಿಸಿ ಅಚ್ಚು ಹಾಕಿಸಿದ್ದನ್ನು ಬಿಡಿಸಿ ಓದುವುದು ಶಾಲೆಯಲ್ಲಿ ಇಂಗ್ಲಿಷ್ ಕಲಿತ ನಮ್ಮಂಥವರಿಗೆ ಹಿಂಸೆ. ಕೇಳಿದರೆ ಅರ್ಧಕ್ಕರ್ಧ ತಾನಾಗಿ ತಿಳಿಯುತ್ತದೆ. ಇದು ಲಾಭ. ಆದರೆ ಪುಟದ ಮೇಲೆ ತಲೆಮರೆಸಿಕೊಂಡಿದ್ದ ತಾತ್ಸಾರ ಕಿವಿಗೆ ರಾಚುತ್ತದೆ. ದೊಡ್ಡವರ ದುಃಖಕ್ಕೆ ಗಾಂಭೀರ್ಯ, ಸಣ್ಣವರ ದುಃಖಕ್ಕೆ ನಗೆ. ಹಳ್ಳಿಯ ಕನ್ನಡವನ್ನು ಆಳುಮಕ್ಕಳ ಬಾಯಲ್ಲಿ ಮಾತ್ರ ಆಡಿಸಿ ಜನರನ್ನು ನಗಿಸಿದ ನಮ್ಮ ಹಳೆಯ ಸಿನಿಮಾಗಳನ್ನು ನೋಡಿದವರಿಗೆ ಈ ತಂತ್ರ ಹೊಸದಲ್ಲ. ಆಲೆನ್ನನ ಸಹಾಯಕ ಇನ್ಸ್‌ಪೆಕ್ಟರ್ ಫಾಕ್ಸ್ ಫ್ರೆಂಚ್ ಕಲಿಯಲು ಹಟ ಹಿಡಿದು ಒದ್ದಾಡುವುದನ್ನು ಓದುವಾಗ ನಕ್ಕಿದ್ದೆ, ಕೇಳುವಾಗ ಯಾಕೋ ಅಷ್ಟು ನಗು ಬರಲಿಲ್ಲ. ನಷ್ಟ ಎಂದೆನಾದರೂ, ಲೇಖಕಿಯ ಓರೆಕೋರೆ ಹೀಗೆ ಹೊರಬೀಳುವುದು ಓದುಗರಿಗೆ ಲಾಭವೇ.

ಮಾರ್ಷ್‌ಳ ಕೊನೆಯ ಕಾದಂಬರಿ 'ಲೈಟ್ ಥಿಕನ್ಸ್', ಆಕೆ ತೀರಿಕೊಂಡ 1982ರಲ್ಲೇ ಹೊರಬಂತು. ಡಾಲ್ಫಿನ್ ಎಂಬ ರಂಗಮಂದಿರದಲ್ಲಿ 'ಮ್ಯಾಕ್‌ಬೆತ್' ಪ್ರಯೋಗ; ಪತ್ತೇದಾರಿಕೆಗಿಂತ ತಾಲೀಮಿನ ಪುಟಗಳೇ ಹೆಚ್ಚು, ಕೊಲೆ ಬಹಳ ತಡ. ಒಗಟು ಬಿಡಿಸಲು ಕೂತವರಿಗೆ ಇದನ್ನು ನಾನು ಶಿಫಾರಸು ಮಾಡುವುದಿಲ್ಲ. ಎಂಬತ್ತು ದಾಟಿದ ನಿರ್ದೇಶಕಿಯೊಬ್ಬಳು ಜೀವಮಾನದ ಅನುಭವದಿಂದ ಆ ನಾಟಕವನ್ನು ಹೇಗೆ ಆಡಿಸಬೇಕೆಂದು ದೃಶ್ಯದಿಂದ ದೃಶ್ಯಕ್ಕೆ ಹೇಳಿಕೊಡುವುದನ್ನು ಕೇಳಲು ಇಷ್ಟವಿದ್ದವರು ಬಿಡಬಾರದು, ಅದರಲ್ಲೂ ಡಂಕನ್ನನ ಕೊಲೆಯ ರಾತ್ರಿಯ ಸದ್ದುಗಳನ್ನು ತಿದ್ದಿ ತೀಡುವ ಭಾಗಗಳನ್ನು.

ರಂಗಮಂದಿರದ ಪತ್ತೇದಾರಿಯಲ್ಲೂ ಕಿವಿಗೆ ದಕ್ಕದ್ದು ಇದೆ. ಎಲರಿ ಕ್ವೀನ್ ಜೋಡಿಯ ಮೊದಲ ಪುಸ್ತಕ 'ದಿ ರೋಮನ್ ಹ್ಯಾಟ್ ಮಿಸ್ಟರಿ' (1929) ನ್ಯೂಯಾರ್ಕಿನ ಬ್ರಾಡ್‌ವೇ ನಾಟಕಮಂದಿರದ ಒಳಗೇ ಶುರುವಾಗುತ್ತದೆ. ಮಾಂಟಿ ಫೀಲ್ಡ್ ಎಂಬ ವಕೀಲ ನಾಟಕ ನಡೆಯುತ್ತಿರುವಾಗಲೇ ತನ್ನ ಸೀಟಿನಲ್ಲಿ ವಿಷದಿಂದ ಸತ್ತಿದ್ದಾನೆ, ಅವನ ಟೋಪಿ ಕಾಣೆಯಾಗಿದೆ. ಮಂದಿರವೇನೋ ನಾಟಕದ್ದು, ಲೆಕ್ಕ ಮಾತ್ರ ಭೂಮಾಪನದ್ದು: ಅವನು ಕೂತ ಸೀಟು ಯಾವುದು, ಸುತ್ತಲಿನ ಖಾಲಿ ಸೀಟುಗಳು ಯಾವುವು, ಯಾವ ಬಾಗಿಲಿಂದ ಯಾರು ಹೊರಹೋಗಬಹುದಿತ್ತು. ಮಂದಿರದ ನಕ್ಷೆಯನ್ನು ಪುಸ್ತಕದಲ್ಲೇ ಅಚ್ಚು ಹಾಕಿದ್ದಾರೆ. ಪಾತ್ರಗಳ ಉದ್ದನೆಯ ಪಟ್ಟಿಯೂ ಇದೆ. ಅದನ್ನು ಯಾರಾದರೂ ಗಟ್ಟಿಯಾಗಿ ಓದಿದರೆ ತರಗತಿಯ ಹಾಜರಿ ಕೇಳಿದಂತಾಗುತ್ತದೆ. ಇಲ್ಲಿ ಯಾರ ಮಾತೂ ಗೋಡೆಯಾಚೆಯಿಂದ ಬರುವುದಿಲ್ಲ, ರಂಗದ ಮೇಲೆ ಯಾವ ನಾಟಕ ನಡೆಯುತ್ತಿತ್ತು ಎಂಬುದೂ ಬೇಗ ಮರೆತುಹೋಗುತ್ತದೆ. ಇದನ್ನು ಕಿವಿಗೆ ಹಾಕಿಕೊಂಡು ಪಾರ್ಕಿಗೆ ವಾಕಿಂಗ್ ಹೊರಟವರು ಎರಡನೆಯ ಸುತ್ತಿಗೆ ಸೀಟಿನ ಸಂಖ್ಯೆಯನ್ನೂ ಟೋಪಿಯನ್ನೂ ಕಳೆದುಕೊಂಡಿರುತ್ತಾರೆ. ಅದನ್ನು ಮೇಜಿನ ಮೇಲಿಟ್ಟುಕೊಂಡು, ನಕ್ಷೆಯ ಪುಟಕ್ಕೆ ಒಂದು ಗುರುತು ಸಿಕ್ಕಿಸಿಕೊಂಡೇ ಓದಬೇಕು.